ಬ್ಯಾಗ್ ತುಂಬಬೇಕಾದ್ದು ಹೊರಡುವಾಗ ಅಲ್ಲ, ಮನೆಗೆ ಬಂದ ಮೇಲೆ

ಪ್ರಶ್ನೆ: ದೊಡ್ಡವನಿಗೆ 4 ವರ್ಷ, ಚಿಕ್ಕವಳಿಗೆ 8 ತಿಂಗಳು. ಅರ್ಧ ದಿನ ಹೊರಗೆ ಹೋಗಿ ಬರೋಣ ಅಂದರೂ ಬ್ಯಾಗ್ ತುಂಬುವುದರಲ್ಲೇ ಒಂದು ಗಂಟೆ ಹೋಗುತ್ತದೆ. ಅಷ್ಟಾದರೂ ಏನಾದರೊಂದು ಮರೆತೇ ಮರೆಯುತ್ತೇನೆ. ಯಾವಾಗ ಬೇಕಾದರೂ ಎತ್ತಿಕೊಂಡು ಹೊರಡುವ ಹಾಗೆ ಬ್ಯಾಗ್ ಇಟ್ಟುಕೊಳ್ಳುವುದು ಹೇಗೆ?

ಉತ್ತರ: ಒಬ್ಬ ಚಪ್ಪಲಿ ಬೇಡ ಅಂತ ಹಟ ಮಾಡುತ್ತಿರುವಾಗ, ಇನ್ನೊಬ್ಬಳು ಈಗಷ್ಟೇ ಹಾಕಿದ ಡೈಪರ್ ಒದ್ದೆ ಮಾಡಿರುವಾಗ ಯಾರ ತಲೆ ಓಡುತ್ತೆ ಹೇಳಿ? ಹೊರಡುವ ಹೊತ್ತಿಗೆ ಬ್ಯಾಗ್ ತುಂಬುವುದನ್ನೇ ಬಿಟ್ಟುಬಿಡಿ. ಸುತ್ತಾಡಿ ಬಂದ ದಿನವೇ ತುಂಬಿಡಿ. ಎಷ್ಟು ಡೈಪರ್ ಖರ್ಚಾಯಿತು, ಯಾವ ಬಟ್ಟೆ ಒಗೆಯಲು ಹೋಯಿತು ಅನ್ನುವುದು ಆಗ ಕಣ್ಣೆದುರೇ ಇರುತ್ತದಲ್ವಾ.

ಡೈಪರ್, ಅಂಗಿ, ಚಡ್ಡಿ, ನಾಲ್ಕು ಒದ್ದೆ ಟಿಶ್ಯೂ, ಎಲ್ಲವನ್ನೂ ಒಂದೇ ಜಿಪ್ ಕವರಿಗೆ ಹಾಕಿ. ಅಂಥ ಎರಡು ಸೆಟ್ ಮಾಡಿ. ಮಗುವನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಕವರ್ ಎಳೆದುಕೊಳ್ಳಬಹುದು, ಕೊಳೆ ಬಟ್ಟೆಯನ್ನು ಅದೇ ಕವರಿನಲ್ಲಿ ವಾಪಸ್ ತರಬಹುದು. ಬಿಡಿ ಡೈಪರ್ ಮಾತ್ರ ಎರಡು ಮೂರು ಗಂಟೆಗೆ ಒಂದರಂತೆ ಲೆಕ್ಕ ಹಾಕಿ, ಮೇಲೆ ಎರಡು ಜಾಸ್ತಿ ಇಡಿ. ನಿಮಗೂ ಒಂದು ಟಾಪ್ ಇರಲಿ, ಮಕ್ಕಳು ವಾಂತಿ ಮಾಡುವುದು ಹೆಚ್ಚಾಗಿ ಎತ್ತಿಕೊಂಡವರ ಹೆಗಲ ಮೇಲೇ! ತಿಂಗಳಿಗೊಮ್ಮೆ ಬಟ್ಟೆಯ ಅಳತೆ ನೋಡಿ. ನನ್ನ ಮಗಳ ಬ್ಯಾಗಿನಲ್ಲಿ ಸುಮ್ನೆ ಆರು ತಿಂಗಳು ಕೂತಿದ್ದ ಅಂಗಿ ಬೇಕಾದ ಹೊತ್ತಿಗೆ ಅವಳ ತಲೆಗೇ ತೂರಲಿಲ್ಲ.

ಹಾಲಿನ ವಿಷಯದಲ್ಲಿ ಮಾತ್ರ ಸ್ವಲ್ಪ ಕಟ್ಟುನಿಟ್ಟಾಗಿರಿ. ಪುಡಿ ಹಾಲು ಕೊಡುವುದಾದರೆ ಮನೆಯಲ್ಲೇ ಕಲಸಿ ಒಯ್ಯಬೇಡಿ. ಅಳೆದ ಪುಡಿಯನ್ನು ಒಣ ಡಬ್ಬಿಯಲ್ಲಿ, ಕುದಿಸಿದ ನೀರನ್ನು ಬಿಸಿಯಾಗಿಯೇ ಫ್ಲಾಸ್ಕಿನಲ್ಲಿ ಒಯ್ದು, ಬೇಕಾದಾಗ ಕಲಸಿ, ಆರಿಸಿ ಕೊಡಿ. ಕಲಸಿದ ಹಾಲು ಹೊರಗೆ 2 ಗಂಟೆಗಿಂತ ಜಾಸ್ತಿ ಇರಬಾರದು, ಮಗು ಬಾಯಿ ಹಚ್ಚಿದ ಮೇಲೆ 1 ಗಂಟೆಯೊಳಗೆ ಮುಗಿಯದಿದ್ದರೆ ಚೆಲ್ಲಿಬಿಡಿ. ಆಗಷ್ಟೇ ಹಿಂಡಿ ತೆಗೆದ ಎದೆಹಾಲಾದರೆ, ಹೊರಗಿನ ಬಿಸಿ 25 ಡಿಗ್ರಿ ದಾಟದಿದ್ದರೆ, 4 ಗಂಟೆಯವರೆಗೆ ಇರುತ್ತದೆ. ಬಿಸಿಲು ಜಾಸ್ತಿ ಇದ್ದರೆ ಐಸ್ ಪ್ಯಾಕ್ ಬೇಕು. ದೊಡ್ಡವನಿಗೆ ಕರಗದ, ಸೋರದ ತಿಂಡಿ ಸಾಕು. ಶೇಂಗಾ, ಬಾದಾಮಿಯಂಥ ಇಡೀ ಬೀಜ ಬೇಡ, 5 ವರ್ಷದೊಳಗಿನ ಮಕ್ಕಳಿಗೆ ಅದು ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ, ಕೆಳಗೆ ಬಿದ್ದದ್ದು ಚಿಕ್ಕವಳ ಬಾಯಿಗೂ ಹೋಗುತ್ತದೆ.

ಔಷಧಿ ಚೀಲದಲ್ಲಿ ಓಆರ್‌ಎಸ್, ಬ್ಯಾಂಡೇಜ್, ಪ್ಯಾರಾಸಿಟಮಾಲ್ ಇದ್ದರೆ ಸಾಕು. ಜ್ವರದ ಔಷಧಿಯ ಪ್ರಮಾಣ ಮಗುವಿನ ತೂಕದ ಮೇಲೆ ಹೋಗುತ್ತದೆ, ಡ್ರಾಪ್ಸ್‌ಗೂ ಸಿರಪ್‌ಗೂ ಗಾಢತೆ ಬೇರೆ ಇರಬಹುದು. ಹಾಗಾಗಿ ಯಾರಿಗೆ ಎಷ್ಟು ಅಂತ ವೈದ್ಯರನ್ನು ಕೇಳಿ ಬಾಟಲಿಯ ಮೇಲೇ ಬರೆದಿಡಿ. ಔಷಧಿ ಚೀಲವನ್ನು ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ.

ಜನಜಂಗುಳಿ ಇರುವ ಕಡೆ ಹೋಗುವುದಾದರೆ ದೊಡ್ಡವನ ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇಡಿ, ಅವತ್ತಿನ ಬಟ್ಟೆಯಲ್ಲೇ ಅವನದೊಂದು ಫೋಟೊ ತೆಗೆದುಕೊಳ್ಳಿ. ಗಾಬರಿಯಲ್ಲಿ ಅಂಗಿಯ ಬಣ್ಣವೂ ನೆನಪಿಗೆ ಬರುವುದಿಲ್ಲ.

ನೀರು, ಹಾಲು, ತಿಂಡಿ, ಬೀಗದ ಕೈ, ಇವನ್ನು ಮೊದಲೇ ತುಂಬಿಡಲು ಆಗುವುದಿಲ್ಲ. ಇವುಗಳ ಹೆಸರು ಬರೆದ ಚೀಟಿಯನ್ನು ಬ್ಯಾಗಿನ ಜಿಪ್ಪಿಗೇ ಕಟ್ಟಿಬಿಡಿ. ಬೆನ್ನಿಗೆ ಹಾಕಿಕೊಳ್ಳುವ ಬ್ಯಾಗೇ ಇರಲಿ, ಎರಡೂ ಕೈ ಖಾಲಿ ಇರುತ್ತದೆ. ದೊಡ್ಡವನಿಗೂ ಅವನದೇ ಪುಟ್ಟ ಬ್ಯಾಗ್ ಕೊಡಿ, ಒಂದು ಆಟಿಕೆ, ಒಂದು ಪುಸ್ತಕ ಅವನೇ ಆರಿಸಿ ಹಾಕಿಕೊಳ್ಳಲಿ. ಅರ್ಧ ದಾರಿಯಲ್ಲಿ ಅದೂ ನಿಮ್ಮ ಹೆಗಲಿಗೇ ಬರುತ್ತದೆ, ಅದಕ್ಕೇ ಹೇಳಿದ್ದು, ಪುಟ್ಟದೇ ಇರಲಿ.