ಗುಗ್ಗೆನ್‌ಹೈಮ್ ಮನೆತನ ಗಣಿಯಿಂದ ಅಷ್ಟು ದುಡ್ಡು ಮಾಡಿದ್ದು ಹೇಗೆ?

ಅಮೆರಿಕಾದ ಈ ಶ್ರೀಮಂತ ಮನೆತನದ ಕಥೆಯೆಲ್ಲ ಶುರುವಾಗಿದ್ದು ಮೇಯರ್ ಗುಗ್ಗೆನ್‌ಹೈಮ್ ಅನ್ನೋರಿಂದ. 1828ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಲೆಂಗ್ನೌ ಊರಲ್ಲಿ ಒಂದು ಯಹೂದಿ ದರ್ಜಿ ಮನೇಲಿ ಹುಟ್ಟಿದ್ರು, ಅಲ್ಲಿ ಯಹೂದಿಗಳಿಗೆ ನೂರೆಂಟು ಕಟ್ಟುಪಾಡು, ಹಾಗಾಗಿ ಮನೆಯವರೆಲ್ಲ ಅಮೆರಿಕಾದ ಫಿಲಡೆಲ್ಫಿಯಾಗೆ ಹೋದ್ರು. ಅಲ್ಲಿ ಊರೂರು ಸುತ್ತಿ ಸಾಮಾನು ಮಾರಿದ್ರು. ಒಲೆಗೆ ಹಚ್ಚೋ ಪಾಲಿಶ್ ಮಾರ್ತಾ ಇದ್ದಾಗ ಲಾಭವೆಲ್ಲ ತಯಾರಿಸೋನಿಗೇ ಹೋಗುತ್ತೆ ಅಂತ ಗೊತ್ತಾಗಿ ತಾವೇ ತಯಾರಿಸೋಕೆ ಶುರು ಮಾಡಿದ್ರು. ನನ್ನ ಪ್ರಕಾರ ಅವರ ಇಡೀ ಬಿಸಿನೆಸ್ ಬುದ್ಧಿ ಇದರಲ್ಲೇ ಇದೆ.

ಆಮೇಲೆ ಲೇಸ್ ವ್ಯಾಪಾರ. ಗಣಿಗೆ ಬಂದಾಗ ವಯಸ್ಸು ಐವತ್ತು ದಾಟಿತ್ತು! ಕೊಲರಾಡೋದ ಲೆಡ್‌ವಿಲ್‌ನಲ್ಲಿ ಪಾಲು ತಗೊಂಡ ಎರಡು ಗಣಿಗೆ ನೀರು ನುಗ್ಗಿತ್ತು, ದುಡ್ಡು ಸುರಿದು ಪಂಪ್ ಹಾಕಿ ನೀರು ತೆಗೆಸಿದ್ಮೇಲೆ ಬೆಳ್ಳಿ, ಸೀಸ ಸಿಕ್ತು. ಆದ್ರೆ ಅದಿರು ಕರಗಿಸೋರು ಜಾಸ್ತಿ ದುಡ್ಡು ಹೊಡೀತಿದ್ದಾರೆ ಅಂತ 1888ರಲ್ಲಿ ಪ್ಯೂಬ್ಲೋದಲ್ಲಿ ಸ್ವಂತ ಸ್ಮೆಲ್ಟರೇ (ಅದಿರು ಕರಗಿಸೋ ಕಾರ್ಖಾನೆ) ಕಟ್ಟಿಸಿದ್ರು, ಮತ್ತೆ ಅದೇ ಪಾಲಿಶ್ ಲೆಕ್ಕಾಚಾರ.

ಏಳು ಗಂಡು ಮಕ್ಕಳನ್ನೂ ಪಾಲುದಾರರನ್ನಾಗಿ ಮಾಡಿದ್ರು, ಮೆಕ್ಸಿಕೋದಲ್ಲೂ ಸ್ಮೆಲ್ಟರ್ ಬಂತು. 1899ರಲ್ಲಿ ಬೇರೆ ಸ್ಮೆಲ್ಟರ್ ಮಾಲೀಕರು ಒಟ್ಟಾಗಿ ಅಸಾರ್ಕೋ ಅನ್ನೋ ದೊಡ್ಡ ಕಂಪನಿ ಮಾಡಿದಾಗ ಇವರು ಸೇರಲಿಲ್ಲ, ಪೈಪೋಟಿಗೆ ನಿಂತು 1901ರಲ್ಲಿ ಆ ಕಂಪನಿಯ ಹಿಡಿತವನ್ನೇ ತಗೊಂಡ್ರು, ಮಗ ಡೇನಿಯಲ್ ಮುಂದೆ ನಿಂತ. ಮೇಯರ್ 1905ರಲ್ಲಿ ತೀರಿಕೊಂಡ್ರು. ಆಮೇಲೆ ಅಲಾಸ್ಕಾ, ಚಿಲಿ ತಾಮ್ರದ ಗಣಿಗಳೂ ಬಂದ್ವು, ಆದ್ರೆ ಆ ಗಣಿ, ಸ್ಮೆಲ್ಟರ್‌ಗಳ ಬಿಸಿ ಹೊಗೆಯಲ್ಲಿ ದುಡಿದ ಕಾರ್ಮಿಕರ ಹೆಸರು ಯಾರೂ ಹೇಳಲ್ಲ, ಅದು ಬೇಜಾರು. ಟೈಟಾನಿಕ್‌ನಲ್ಲಿ ಸತ್ತ ಬೆಂಜಮಿನ್ ಮೇಯರ್ ಅವರ ಮಗನೇ, ನ್ಯೂಯಾರ್ಕಿನ ಗುಗ್ಗೆನ್‌ಹೈಮ್ ಕಲಾ ಮ್ಯೂಸಿಯಂ ಇರೋದು ಇನ್ನೊಬ್ಬ ಮಗ ಸೊಲೊಮನ್ ಹೆಸರಲ್ಲಿ.