ಕಡಿಮೆ ಖರ್ಚಿನಲ್ಲಿ ಚಾರಣಕ್ಕೆ ಯಾವ ಮಲಗುವ ಮ್ಯಾಟ್ ಒಳ್ಳೆಯದು?

ಕಾಸರಗೋಡಿನ ಪೊಸಡಿಗುಂಪೆಯಂಥ ಗುಡ್ಡದಲ್ಲಿ ಒಂದು ರಾತ್ರಿ ಮಲಗಲು ಗಾಳಿ ತುಂಬುವ ಮ್ಯಾಟ್ ಬೇಡ, ಫೋಮ್ ಮ್ಯಾಟೇ ಸರಿ. ನಮ್ಮ ಕಡೆ ನೆಲವೆಂದರೆ ಮುರಕಲ್ಲು. ಅದರ ಹರಳೋ, ಮುಳಿಹುಲ್ಲಿನ ಒಣ ಬುಡವೋ ಒಮ್ಮೆ ಚುಚ್ಚಿದರೆ ಸಾಕು, ಅಗ್ಗದ ಗಾಳಿ ಮ್ಯಾಟ್ ನಡುರಾತ್ರಿಗೆ ಚಪ್ಪಟೆಯಾಗುತ್ತದೆ. ಫೋಮ್ ತೂತಾದರೂ ಕೆಲಸ ಕೆಡುವುದಿಲ್ಲ.

10 ಮಿ.ಮೀ. ದಪ್ಪದ, 180×60 ಸೆಂ.ಮೀ. ಅಳತೆಯ ಎಕ್ಸ್‌ಎಲ್‌ಪಿಇ ಅಥವಾ ಇವಿಎ (ನೀರು ಹೀರದ ಪ್ಲಾಸ್ಟಿಕ್ ಫೋಮ್‌ಗಳು) ಕೇಳಿ. ತೂಕ 300ರಿಂದ 450 ಗ್ರಾಂ. ಅಂಗಡಿಯಲ್ಲೇ ಹೆಬ್ಬೆರಳಿನಿಂದ ಬಲವಾಗಿ ಒತ್ತಿ ಬಿಡಿ. ಗುಳಿ ತಟ್ಟನೆ ಮೇಲೇಳದಿದ್ದರೆ ತರಬೇಡಿ: ಅಂಥದ್ದು ಸೊಂಟದ ಅಡಿಯಲ್ಲಿ ಕುಸಿದು, ನೆಲದ ತಂಪು ನೇರ ಮೈಗೇರುತ್ತದೆ. ಮೆತ್ತಗಿನ ಸ್ಪಂಜು ನೀರು ಹೀರುತ್ತದೆ. ಪಿವಿಸಿ ಯೋಗ ಮ್ಯಾಟ್ ಹೊರಲು ಭಾರ.

ಇನ್ನೂ ಹಗುರ ಬೇಕೇ? ಹೆಗಲಿನಿಂದ ಮೊಣಕಾಲಿನವರೆಗೆ ಅಳೆದು, ಸುಮಾರು 120 ಸೆಂ.ಮೀ.ಗೆ ಕತ್ತರಿಸಿ, ಕಾಲಡಿಗೆ ಖಾಲಿ ಬ್ಯಾಗ್ ಇಡಿ. ಕೆಳಗೆ ತೆಳು ಟರ್ಪಾಲು ಹಾಸಲೇಬೇಕು, ಆದರೆ ಅಂಚು ಹೊರಚಾಚದಂತೆ ಒಳಗೆ ಮಡಚಿ, ಇಲ್ಲವಾದರೆ ಅದರ ಮೇಲೆ ಬಿದ್ದ ಇಬ್ಬನಿ ಮ್ಯಾಟಿನಡಿಗೆ ಹರಿಯುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ, ಇವಿಎ ಕುಗ್ಗುತ್ತದೆ.