ಪ್ರೆಸ್ ಇಲ್ಲದೆ ಮನೆಯಲ್ಲೇ ಪ್ರಿಂಟ್‌ಮೇಕಿಂಗ್ ಕಲಿಯಲು ಎಲ್ಲಿಂದ ಶುರು ಮಾಡಬೇಕು?

ಉಡುಪಿಯಲ್ಲಿ ಬಾಡಿಗೆ ಮನೆ, ಪ್ರೆಸ್ (ಅಚ್ಚು ಒತ್ತುವ ಯಂತ್ರ) ಇಲ್ಲ, ಸಂಜೆ ಒಂದೆರಡು ಗಂಟೆ ಮಾತ್ರ ಬಿಡುವು. ಪ್ರಿಂಟ್‌ಮೇಕಿಂಗ್, ಅಂದರೆ ಅಚ್ಚು ಮಾಡಿ ಕಾಗದಕ್ಕೆ ಚಿತ್ರ ಇಳಿಸುವ ಕಲೆಯಲ್ಲಿ ಲಿನೋ (ಲಿನೋಲಿಯಂ ತುಂಡು ಕೆತ್ತುವುದು), ಎಚಿಂಗ್ (ಲೋಹದ ತಗಡಿನಲ್ಲಿ ಗೀರುವುದು), ಲಿಥೋ (ಕಲ್ಲಚ್ಚು) ಈ ಮೂರರಲ್ಲಿ ಯಾವುದರಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ಲಿನೋದಿಂದ ಶುರು ಮಾಡಿ. ಅದೂ ಒಂದೇ ಬಣ್ಣ, ಕಪ್ಪು. ನಾನು ಮಂಗಳೂರಿನ ಬಿಜೈಯಲ್ಲಿ ನಮ್ಮ ಊಟದ ಮೇಜಿನ ಮೇಲೆಯೇ ಹಲವು ವರ್ಷದಿಂದ ಲಿನೋ ಮಾಡುತ್ತಿದ್ದೇನೆ. ಹಾಗಾಗಿ ಮನೆಯಲ್ಲಿ ಎಷ್ಟು ಆಗ್ತದೆ, ಎಷ್ಟು ಆಗುವುದಿಲ್ಲ ಎಂದು ಧೈರ್ಯದಿಂದ ಹೇಳಬಲ್ಲೆ.

ಎಚಿಂಗ್ ಸದ್ಯಕ್ಕೆ ಬೇಡ. ತಾಮ್ರ ಅಥವಾ ಸತುವಿನ ತಗಡಿಗೆ ಮೇಣದಂಥ ಪದರ ಬಳಿದು, ಸೂಜಿಯಲ್ಲಿ ಗೀರಿ, ಆಸಿಡ್‌ನಲ್ಲೋ ಫೆರಿಕ್ ಕ್ಲೋರೈಡ್‌ನಲ್ಲೋ ಮುಳುಗಿಸಬೇಕು. ಮಸಿ ಗೀರಿನ ಒಳಗೆ ಕೂತಿರ್ತದೆ. ಒದ್ದೆ ಮಾಡಿದ ಕಾಗದವನ್ನು ಪ್ರೆಸ್ಸಿನಡಿ ಬಲವಾಗಿ ಒತ್ತಿದರೆ ಮಾತ್ರ ಮೇಲೆ ಬರ್ತದೆ. ಬಾಡಿಗೆ ಮನೆಯ ಬಚ್ಚಲಲ್ಲಿ ಮಾಡುವ ಕೆಲಸ ಅಲ್ಲ.

ಲಿಥೋ ಮನೆಯಲ್ಲಿ ಇನ್ನೂ ಕಷ್ಟ. ಆದರೆ ಅದರ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಿಕ್ಕೆ ನನಗೆ ಮನಸ್ಸು ಬರುವುದಿಲ್ಲ, ಯಾಕೆಂದರೆ ಅದು ನಮ್ಮೂರಿನ ಕತೆ. 1841ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರು ಮಂಗಳೂರಿನಲ್ಲಿ ಶುರು ಮಾಡಿದ್ದು ಕಲ್ಲಚ್ಚಿನ ಮುದ್ರಣಾಲಯ. ಅದೇ ಮಿಷನ್‌ನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರತಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಅಚ್ಚಾದದ್ದೂ ಕಲ್ಲಿನ ಮೇಲಿಂದಲೇ. ಕಲ್ಲಚ್ಚಿನಲ್ಲಿ ಕೆತ್ತುವ ಕೆಲಸ ಇಲ್ಲ. ನುಣ್ಣಗೆ ಮಾಡಿದ ಸುಣ್ಣದ ಕಲ್ಲಿನ ಮೇಲೆ ಜಿಡ್ಡಿನ ಬಳಪದಲ್ಲಿ ಬರೆದು ಕಲ್ಲನ್ನು ಒದ್ದೆ ಮಾಡಿದರೆ, ಜಿಡ್ಡು ಇದ್ದಲ್ಲಿ ಮಾತ್ರ ಮಸಿ ಹಿಡಿಯುತ್ತದೆ, ನೀರು ಇದ್ದಲ್ಲಿ ಹಿಡಿಯುವುದಿಲ್ಲ. ಎಣ್ಣೆ ನೀರಿನ ಜಗಳ ಅಷ್ಟೆ. ಮುಂದೆ ಎಲ್ಲಾದರೂ ಲಿಥೋ ಕಲ್ಲು ಇರುವ ಸ್ಟುಡಿಯೋ ಸಿಕ್ಕಿದರೆ ಬಿಡಬೇಡಿ.

ಈಗ ಲಿನೋ. ಅಗಸೆ ಎಣ್ಣೆ, ಕಾರ್ಕಿನ ಪುಡಿ, ಹಿಂದೆ ಗೋಣಿಬಟ್ಟೆ, ಇದೇ ಲಿನೋಲಿಯಂ. ಅಂಗೈ ಅಗಲದ ಒಂದು ತುಂಡು, ಒಂದು ವಿ ಉಳಿ, ಒಂದು ಯು ಉಳಿ (ಬಾಯಿ V, U ಅಕ್ಷರಗಳ ಆಕಾರದ್ದು), ರಬ್ಬರ್ ರೋಲರ್, ಒಂದು ಟ್ಯೂಬ್ ಕಪ್ಪು ಬ್ಲಾಕ್‌ಪ್ರಿಂಟಿಂಗ್ ಇಂಕ್ (ಎಣ್ಣೆ ಮಸಿ), ಒಂದು ಗಾಜಿನ ಹಲಗೆ, ತೆಳು ಕಾಗದ. ಪ್ರೆಸ್ಸಿನ ಬದಲಿಗೆ ಮರದ ಸೌಟು. ಹತ್ತು ಉಳಿಗಳ ಸೆಟ್ ತೆಗೆದುಕೊಳ್ಳಬೇಡಿ, ಎಂಟು ಸುಮ್ಮನೆ ಬಿದ್ದಿರ್ತವೆ. ಲಿನೋ ಹಳೆಯದಾಗಿ ಗಟ್ಟಿಯಾಗಿದ್ದರೆ ಹತ್ತು ನಿಮಿಷ ಬಿಸಿಲಿಗೆ ಇಡಿ, ಉಳಿ ಬೆಣ್ಣೆಯಲ್ಲಿ ಹೋದ ಹಾಗೆ ಹೋಗ್ತದೆ.

ಕೆತ್ತುವಾಗ ಎಡಗೈ ಯಾವಾಗಲೂ ಉಳಿಯ ಹಿಂದೆ ಇರಲಿ. ನಾನು ಶುರುವಿನಲ್ಲಿ ಬ್ಲಾಕನ್ನು, ಅಂದರೆ ಕೆತ್ತುವ ಲಿನೋ ತುಂಡನ್ನು, ಮುಂದಿನಿಂದ ಹಿಡಿದುಕೊಂಡು ಒತ್ತಿದೆ, ಉಳಿ ಜಾರಿ ತೋರುಬೆರಳಿನ ಬುಡಕ್ಕೆ ಹೋಯಿತು. ಗುರುತು ಇನ್ನೂ ಉಂಟು. ಒಂದು ಹಲಗೆಯ ಈ ತುದಿಗೆ ಕೆಳಗೊಂದು ಪಟ್ಟಿ, ಆ ತುದಿಗೆ ಮೇಲೊಂದು ಪಟ್ಟಿ ಹೊಡೆಸಿಕೊಳ್ಳಿ. ಕೆಳಗಿನದು ಮೇಜಿನ ಅಂಚಿಗೆ ಸಿಕ್ಕಿ ನಿಲ್ತದೆ, ಮೇಲಿನದು ಬ್ಲಾಕನ್ನು ತಡೆದು ಹಿಡಿಯುತ್ತದೆ. ಬಡಗಿಗೆ ಕಾಲು ಗಂಟೆಯ ಕೆಲಸ.

ಏನು ಕೆತ್ತುವುದು? ನನ್ನ ಮೊದಲ ಬ್ಲಾಕ್ ಬಂಗುಡೆ ಮೀನು. ಈಗಲೂ ಹೊಸಬರಿಗೆ ನಾನು ಅದನ್ನೇ ಹೇಳುವುದು. ಅದರ ಬೆನ್ನಿನ ಮೇಲಿನ ಉದ್ದುದ್ದ ಗೀರುಗಳು ವಿ ಉಳಿಗೆ ಹೇಳಿ ಮಾಡಿಸಿದ ಹಾಗಿವೆ, ಹೊಟ್ಟೆಯ ಬಿಳುಪಿಗೆ ಯು ಉಳಿ. ಕೆತ್ತಿದ್ದು ಬಿಳಿ, ಉಳಿದದ್ದು ಕಪ್ಪು ಎಂಬುದು ಒಂದೇ ಮೀನಿನಲ್ಲಿ ಕೈಗೆ ಹತ್ತುತ್ತದೆ. ಪೆನ್ಸಿಲ್ ಹಿಡಿದು ಬೆಳೆದ ನಮಗೆ ಗೆರೆ ಎಂದರೆ ಕಪ್ಪು. ಇಲ್ಲಿ ಎಳೆದ ಗೆರೆಯೆಲ್ಲ ಬೆಳಕು. ದಂಡಿ ಯಾತ್ರೆಯ ಮೇಲೆ ಬಂಗಾಳದ ಕಲಾವಿದ ನಂದಲಾಲ್ ಬೋಸ್ 1930ರಲ್ಲಿ ಮಾಡಿದ ಗಾಂಧೀಜಿಯ ಲಿನೋಕಟ್ ಒಮ್ಮೆ ಹುಡುಕಿ ನೋಡಿ. ಕಪ್ಪು ಹಿನ್ನೆಲೆಯಲ್ಲಿ ಕೋಲು ಹಿಡಿದ ಮನುಷ್ಯ ಎದ್ದು ಬರುವುದು ಕೆತ್ತಿ ತೆಗೆದ ಬಿಳಿಯಿಂದಲೇ. ಇನ್ನೊಂದು, ಚಿತ್ರ ತಿರುಗಿ ಬೀಳ್ತದೆ. ಎಡಕ್ಕೆ ಮುಖ ಮಾಡಿದ ಮೀನು ಕಾಗದದಲ್ಲಿ ಬಲಕ್ಕೆ ನೋಡ್ತದೆ. ಅಕ್ಷರ ಇದ್ದರೆ ಟ್ರೇಸಿಂಗ್ ಕಾಗದದಲ್ಲಿ ಬರೆದು ಮಗುಚಿ ಇಳಿಸಿಕೊಳ್ಳಿ.

ಹೆಚ್ಚಿನವರು ಕೆತ್ತನೆಗೆ ಒಂದು ವಾರ ಕೊಟ್ಟು ಮಸಿಗೆ ಐದು ನಿಮಿಷ ಕೊಡ್ತಾರೆ. ಅಚ್ಚಾದ ಪ್ರತಿ ಕೆಡುವುದು ಅಲ್ಲಿ. ಕಡಲೆಕಾಳಿನಷ್ಟು ಮಸಿ ಗಾಜಿನ ಮೇಲೆ ಹಾಕಿ, ರೋಲರನ್ನು ಉದ್ದಕ್ಕೂ ಅಡ್ಡಕ್ಕೂ ಓಡಿಸಿ, ಪ್ರತಿ ಸಲ ಎತ್ತಿ ತಿರುಗಿಸಿ. ಆಮೇಲೆ ಕಿವಿ ಕೊಡಿ. ಮಸಿ ಜಾಸ್ತಿಯಾದರೆ ಪಚಪಚ ಎಂದು ಕೇಳ್ತದೆ, ಮೇಲ್ಮೈ ಕಿತ್ತಳೆ ಸಿಪ್ಪೆಯ ಹಾಗೆ ಗುಳಿಗುಳಿ ಕಾಣ್ತದೆ. ಹದಕ್ಕೆ ಬಂದಾಗ ಸಣ್ಣ ಚರಚರ ಶಬ್ದ, ನೋಡಲಿಕ್ಕೆ ಮಕಮಲ್ಲು. ಆ ಶಬ್ದ ಬಂದ ಮೇಲೆಯೇ ಬ್ಲಾಕಿಗೆ ಹೋಗಿ, ಒಂದೇ ಸಲ ದಪ್ಪ ಹಚ್ಚದೆ ತೆಳುವಾಗಿ ನಾಲ್ಕೈದು ಸಲ ಹಚ್ಚಿ. ಕಾಗದ ಇಟ್ಟು, ಸೌಟಿನ ಬೆನ್ನಿನಿಂದ ಮಧ್ಯದಿಂದ ಅಂಚಿಗೆ ಸುತ್ತಿ ಸುತ್ತಿ ಉಜ್ಜಿ. ಒಂದು ಮೂಲೆ ಬೆರಳಲ್ಲಿ ಒತ್ತಿ ಹಿಡಿದು ಇನ್ನೊಂದು ಮೂಲೆ ಎತ್ತಿ ಒಳಗೆ ಇಣುಕಿ. ಮಸುಕಾಗಿದ್ದರೆ ಕಾಗದವನ್ನು ಹಾಗೆಯೇ ಇಳಿಸಿ ಮತ್ತೆ ಉಜ್ಜಬಹುದು.

ಹೊಸ ಬ್ಲಾಕಿಗೆ ಹೋಗುವ ಮೊದಲು ಇದೇ ಮೀನನ್ನು ಇಪ್ಪತ್ತು ಸಲ ಅಚ್ಚು ಹಾಕಿ. ಮೂರಕ್ಕೆ ನಿಲ್ಲಿಸಬೇಡಿ. ಮೊದಲ ಒಂದೆರಡು ಮಂಕಾಗಿ ಬರ್ತವೆ, ಲಿನೋ ಮಸಿ ಕುಡಿಯುತ್ತಾ ಇರ್ತದೆ. ಏಳೆಂಟರ ಹೊತ್ತಿಗೆ ಸಣ್ಣ ಗೆರೆ ತುಂಬಿ ಹೋಗಬಹುದು. ಹಾಗಾದರೆ ಎರಡು ಪ್ರತಿ ಮಸಿ ಹಚ್ಚದೆಯೇ ತೆಗೆಯಿರಿ, ತುಂಬಿದ್ದು ಎದ್ದು ಬರ್ತದೆ. ಪ್ರತಿಗಳನ್ನು ಸಾಲಾಗಿ ನೆಲದ ಮೇಲೆ ಹರಡಿ ನೋಡುವಾಗ ನಿಮ್ಮ ಕೈ ಎಲ್ಲಿ ಕಲಿತಿತು ಎಂದು ಕಣ್ಣಿಗೆ ಕಾಣ್ತದೆ. ನನಗೆ ಈ ಕಲೆಯಲ್ಲಿ ಎಲ್ಲಕ್ಕಿಂತ ಪ್ರೀತಿ ಆ ಗಳಿಗೆಯ ಮೇಲೆ.

ನಮ್ಮ ಕರಾವಳಿಯ ಎರಡು ವಿಷಯ. ಮಳೆಗಾಲದಲ್ಲಿ ಎಣ್ಣೆ ಮಸಿ ಒಣಗುವುದಿಲ್ಲ. ಜುಲೈಯಲ್ಲಿ ತೆಗೆದ ಪ್ರತಿ ನಮ್ಮ ಮನೆಯಲ್ಲಿ ಹತ್ತು ದಿನವಾದರೂ ಬೆರಳಿಗೆ ಅಂಟುತ್ತಿತ್ತು. ಕಾಗದವೂ ಹಪ್ಪಳದ ಹಾಗೆ ಮೆತ್ತಗಾಗ್ತದೆ. ಆಟಿಯಲ್ಲಿ (ತುಳುವರ ಮಳೆಗಾಲದ ತಿಂಗಳು) ಕೆತ್ತಿ, ದೀಪಾವಳಿ ಕಳೆದ ಮೇಲೆ ಅಚ್ಚು ಹಾಕಿ. ಮತ್ತೆ, ಎಣ್ಣೆ ಮಸಿ ತೊಳೆಯಲಿಕ್ಕೆ ಸೀಮೆಎಣ್ಣೆ, ಟರ್ಪೆಂಟೈನ್ ಎಂದು ಹೋಗಬೇಡಿ. ತೆಂಗಿನೆಣ್ಣೆ ಹಾಕಿ ಹಳೆ ಬಟ್ಟೆಯಲ್ಲಿ ಒರೆಸಿದರೆ ಬಿಟ್ಟು ಬರ್ತದೆ, ನಂತರ ಪಾತ್ರೆ ತೊಳೆಯುವ ಸೋಪು. ಜಿಡ್ಡು ಉಳಿದರೆ ಮುಂದಿನ ಸಲ ಮಸಿ ಹಿಡಿಯುವುದಿಲ್ಲ.

ಇಪ್ಪತ್ತರಲ್ಲಿ ಒಳ್ಳೆಯವು ಹನ್ನೆರಡು ಬಂದರೆ ಅವುಗಳ ಕೆಳಗೆ ಪೆನ್ಸಿಲಿನಲ್ಲಿ ಎಡಕ್ಕೆ 1/12, 2/12 ಎಂದು ಸಂಖ್ಯೆ, ಬಲಕ್ಕೆ ಸಹಿ. ಕೆಟ್ಟವನ್ನು ಎಸೆಯದೆ ಬೇರೆ ಇಡಿ. ಇಪ್ಪತ್ತರಲ್ಲಿ ಐದನೆಯದರ ಮತ್ತು ಹದಿನೈದನೆಯದರ ಫೋಟೋ ಇಲ್ಲಿ ಹಾಕಿದರೆ, ಮಸಿ ಹೆಚ್ಚಾಯಿತೋ ಉಜ್ಜಿದ್ದು ಕಡಿಮೆಯಾಯಿತೋ ನೋಡಿ ಹೇಳುತ್ತೇನೆ.